ಕೆನ್ನೆಯ ಬಣ್ಣ ಬಿಟ್ಟ ಗೊಂಬೆಯ ವಿಚಾರವಾಗಿ ಅಕ್ಕನಿಗೆ

ಮಾರ್ಚ್ ೧೪, ಮಂಗಳವಾರ
ದೊಡ್ಡಮ್ಮನ ಕೆಲಸದ ಕೋಣೆ

ಅಖಿಲ ಗೊಂಬೆಲೋಕದ ಚಕ್ರವರ್ತಿನಿ, ಕುಂಚ ಸ್ಪಂಜು ಥಿನ್ನರುಗಳ ಒಡತಿ, ನಾನು ಹುಟ್ಟಿದಂದಿನಿಂದ ನನ್ನ ಕಿವಿ ಹಿಂಡುವ ಏಕೈಕ ಹಕ್ಕುದಾರಳಾದ ಅಕ್ಕನವರ ದಿವ್ಯ ಸನ್ನಿಧಾನಕ್ಕೆ, ಅಲ್ಪಮತಿಯಾದ ತಂಗಿಯು ನೆಲಕ್ಕೆ ಹಣೆ ಹಚ್ಚಿ ಬಿನ್ನವಿಸಿಕೊಳ್ಳುವುದೇನೆಂದರೆ,

ನಾವೆಲ್ಲ ಕ್ಷೇಮ. ನಿನ್ನ ಕಾಗದ ಬಂದು ಮೂರು ವಾರವಾಯಿತು. ಕೆಲಸ ಜಾಸ್ತಿ ಇತ್ತು ಅಂತ ಬರೆಯೋಣ ಅಂದುಕೊಂಡೆ. ನೀನು ನಂಬುವುದಿಲ್ಲ, ಬಿಡು. ತಪ್ಪಾಯಿತು.

ನೀನು ಮತ್ತೆ ಹಸುಗೂಸಿನಂಥ ಗೊಂಬೆಗೆ ಬಣ್ಣ ಹಚ್ಚಲು ಕೈಹಾಕುತ್ತೀಯ ಅನ್ನುವುದನ್ನು ಓದಿ ದೊಡ್ಡಮ್ಮ ಕನ್ನಡಕ ಒರೆಸಿಕೊಂಡು ಇನ್ನೊಂದು ಸಲ ಓದಿದರು. "ಬಸ್‌ಸ್ಟ್ಯಾಂಡಲ್ಲಿ ಟಿಕೆಟ್ ಹರಿಯೋ ಕೈಯಲ್ಲ ಅದು ಅಂತ ಅವತ್ತೇ ಬಡ್ಕೊಂಡೆ," ಅಂದರು. ಆದರೆ ನಿನ್ನ ಕೊನೆಯ ಸಾಲು ಅವರಿಗೂ ಹಿಡಿಸಲಿಲ್ಲ: 'ಇದೂ ಹಾಳಾದರೆ ಇನ್ನು ಕುಂಚ ಮುಟ್ಟಲ್ಲ. ಹೋದ ಸಲ ನಾನು ಎಲ್ಲಿ ತಪ್ಪಿದೆ, ಮುಚ್ಚುಮರೆ ಇಲ್ಲದೆ ಬರಿ.'

ಹೋದ ಸಲದ್ದು ನನಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಮೂಲೆಮನೆ ಟೀಚರ್ ನಿನ್ನ ಮೊದಲ ಗೊಂಬೆಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡರು, ನಿಜವಾದ ಹಸುಗೂಸೇ ಅನ್ನುವ ಹಾಗೆ ಬೆನ್ನು ತಟ್ಟಿದರು. ಇಳಿಸಿದಾಗ ಅವರ ಬಿಳಿ ರವಿಕೆಯ ಮೇಲೆ ಗುಲಾಬಿ ಕೆನ್ನೆ, ಗೊಂಬೆಯ ಮುಖದಲ್ಲಿ ಬರೀ ಪ್ಲಾಸ್ಟಿಕ್. "ಪದರ ಅಷ್ಟು ತೆಳುವಾಗಿ ಹಚ್ಚಿದ್ಲು, ಅದ್ಯಾಕೆ ಬಿಟ್ಕೊಳ್ತೋ," ಅಂತ ದೊಡ್ಡಮ್ಮ ಇವತ್ತಿಗೂ ತಲೆ ಕೆರೆದುಕೊಳ್ಳುತ್ತಾರೆ.

ಇರಲಿ. ಆರು ತಿಂಗಳ ಘನ ಅನುಭವವುಳ್ಳ ನಾನು ಈಗ ಪೀಠವೇರಿ ಉಪದೇಶಿಸುತ್ತೇನೆ, ಕೈಕಟ್ಟಿ ಕೇಳು.

ಮೊದಲು ತಲೆ, ಕೈ, ಕಾಲುಗಳನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಪೂರಾ ಒಣಗಿಸು. ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಕೂರುವುದಿಲ್ಲ. ಬಣ್ಣ ಎಷ್ಟು ತೆಳು ಬೇಕೆಂದರೆ, ಹಚ್ಚಿದೆನೋ ಇಲ್ಲವೋ ಅಂತ ನಿನಗೇ ಅನುಮಾನ ಬರಬೇಕು. ಸ್ಪಂಜಿನಿಂದ ಒರೆಸಬೇಡ, ಒತ್ತು. ಮೊದಲು ಚರ್ಮದ ಕೆಳಗಿನ ನರಗಳ ನೀಲಿ, ಅದರ ಮೇಲೆ ಕೆಂಪು, ಆಮೇಲೆ ಮೈಬಣ್ಣ. ಈ ಬಣ್ಣ ಗಾಳಿಗೆ ಒಣಗುವ ಜಾತಿಯದಲ್ಲ, ಶಾಖಕ್ಕೇ ಕೂರಬೇಕು. ಒಂದೊಂದು ಪದರಕ್ಕೂ ಓವನ್ನಿನಲ್ಲಿ ನೂರಮೂವತ್ತು ಡಿಗ್ರಿ, ಎಂಟು ನಿಮಿಷ. ನಿನ್ನ ಡಬ್ಬಿಯ ಮೇಲೆ ಬೇರೆ ಬರೆದಿದ್ದರೆ ಅದೇ ಸರಿ. ಅಡುಗೆಯ ಓವನ್ ಬೇಡ, ಕಿಟಕಿ ತೆರೆದಿರಲಿ. ತಣ್ಣಗಾಗುವ ತನಕ ಮುಟ್ಟಬೇಡ. ದೊಡ್ಡಮ್ಮನ ಮೊಟ್ಟಮೊದಲ ಗೊಂಬೆಯ ಹಣೆಯಲ್ಲಿ ಅವರ ಹೆಬ್ಬೆರಳಿನ ಗುರುತು ಇವತ್ತಿಗೂ ಕೂತಿದೆ.

ಈಗ ನನ್ನ ಸ್ವಂತ ಸಂಶೋಧನೆ. ಪಕ್ಕದ ಮನೆಯಲ್ಲಿ ಇಪ್ಪತ್ತು ದಿನದ ಕೂಸಿದೆ. ದಿನಾ ಹೋಗಿ ಅದರ ಪಾದ ಹಿಡಿದು ಕೂರುತ್ತೇನೆ. "ಏನೇ, ಬೆರಳು ಎಣಿಸ್ತೀಯಾ? ಹತ್ತೂ ಇವೆ, ನಾನು ನೋಡಿಯಾಗಿದೆ," ಅಂತಾಳೆ ಅದರ ತಾಯಿ. ಕೂಸು ಒಂದು ಬಣ್ಣದ್ದಲ್ಲ, ಅಕ್ಕ. ಅಂಗಾಲು ಕೆನ್ನೆಗಿಂತ ಕೆಂಪು. ಒತ್ತಿದರೆ ಬೆಳ್ಳಗಾಗಿ, ಯೋಚನೆ ಮಾಡಿ, ಮತ್ತೆ ಕೆಂಪಾಗುತ್ತದೆ. ಅಳುವುದಕ್ಕೆ ಮುಂಚೆ ಹುಬ್ಬು ಕೆಂಪೇರುತ್ತದೆ, ಬಾಯಿ ಆಮೇಲೆ ತೆರೆಯುತ್ತದೆ. ರೆಪ್ಪೆಗೆ ನೇರಳೆ ಯಾಕೆ ಬರುತ್ತದೆ? ನಿನಗೆ ಗೊತ್ತಿದ್ದರೆ ಬರಿ, ನನಗೆ ಅದೇ ಚಿಂತೆಯಾಗಿದೆ.

ಕಡೆಗೆ ಹೊಳಪಿಲ್ಲದ ವಾರ್ನಿಶ್. ಇದನ್ನೂ ತೆಳುವಾಗಿ, ಒಣ ಸ್ಪಂಜಿನಿಂದ ತಟ್ಟಿ ತಟ್ಟಿ ಹಚ್ಚಿದರೆ ಚರ್ಮದ ರಂಧ್ರಗಳ ಹಾಗೆ ಕಾಣುತ್ತದೆ. ಇದಕ್ಕೂ ಶಾಖ ಕೊಡಬೇಕು. ತುಟಿಗೆ, ಕಣ್ಣಂಚಿಗೆ ಮಾತ್ರ ಒಂದು ಹನಿ ಹೊಳಪು. ಜಾಸ್ತಿಯಾದರೆ ಗೊಂಬೆ ಚಿಕ್ಕಪ್ಪನ ತಲೆಯ ಹಾಗೆ ಮಿಂಚುತ್ತದೆ, ಅವರಿಗೆ ಹೇಳಬೇಡ.

ನಿನ್ನ ಕೈ ನಡುಗದಿರಲಿ, ಎರಡು ಕಿವಿಗೂ ಒಂದೇ ಬಣ್ಣ ಬರಲಿ, ಎತ್ತಿಕೊಂಡವರಿಗೆ ಕೆಳಗಿಡಲು ಮನಸ್ಸು ಬಾರದಿರಲಿ. ಕಿರಿಯಳು ಹಿರಿಯಳನ್ನು ಹರಸಬಾರದಂತೆ. ಹರಸಿಯಾಗಿದೆ, ವಾಪಸ್ ತೆಗೆದುಕೊಳ್ಳುವುದಿಲ್ಲ.

ಇಂತಿ,
ನಿನ್ನ ಕೋತಿ

ವಿ.ಸೂ.: ಮೂರು ವಾರ ತಡವಾದದ್ದು ಇದನ್ನು ಬರೆಯಲಾಗದೆ. ಮೇಲಿನ ಉಪದೇಶದಲ್ಲಿ ಆ ಕೂಸೊಂದನ್ನು ಬಿಟ್ಟರೆ ನನ್ನದೇನೂ ಇಲ್ಲ. ಎಲ್ಲ ನೀನು ಇಲ್ಲೇ ಬಿಟ್ಟುಹೋದ ನೋಟ್‌ಬುಕ್ಕಿನಿಂದ ನಕಲು ಹೊಡೆದದ್ದು. ಅದರಲ್ಲಿರುವುದನ್ನೆಲ್ಲ ನೀನು ಹಾಗೇ ಮಾಡಿದ್ದೆ. ಎಲ್ಲೂ ತಪ್ಪಿರಲಿಲ್ಲ. ನಿನ್ನ ಚಿಕ್ಕ ಓವನ್ನಿನ ಶಾಖ ಹೆಚ್ಚುಕಡಿಮೆ ಮಾಡುವ ತಿರುಗಣೆ ಕಿತ್ತು, ಒಂದಿಷ್ಟು ತಿರುಚಿ ಸಿಕ್ಕಿಸಿದವಳು ನಾನು. ಅದು ನೂರಮೂವತ್ತು ತೋರಿಸುತ್ತಿದ್ದಾಗ ಒಳಗೆ ಬರೀ ಬೆಚ್ಚಗಿತ್ತು. ಆ ತಿಂಗಳೆಲ್ಲ ನಿನಗೆ ಆ ಗೊಂಬೆಯೇ ಆಗಿತ್ತು, ನನ್ನ ಜೊತೆ ಮಾತೇ ಇರಲಿಲ್ಲ. ಒಂದು ಮಧ್ಯಾಹ್ನ ಒದ್ದಾಡಲಿ, ಆಮೇಲೆ ಹೇಳಿ ನಗೋಣ ಅಂತಿದ್ದೆ. ಆದರೆ ಬಣ್ಣ ಕೂತ ಹಾಗೆಯೇ ಕಂಡಿತು, ನೀನು ತೆಗೆದುಕೊಂಡು ಹೋಗಿ ಟೀಚರಿಗೆ ಕೊಟ್ಟೂ ಬಿಟ್ಟೆ. ತಿರುಗಣೆಯನ್ನು ಅವತ್ತೇ ಸರಿಮಾಡಿದೆ, ಬಾಯಿ ಮಾತ್ರ ಬಿಡಲಿಲ್ಲ. ಟೀಚರ್ ಎದುರು ನೀನು ತಲೆತಗ್ಗಿಸಿ ನಿಂತಿದ್ದಾಗ ನಾನು ಹೊರಗೆ ಓಡಿದೆನಲ್ಲ, ಅದು ನಗು ತಡೆಯಲಾಗದೆ. ಅಳು ಬಂದು ಓಡಿದಳು ಅಂದುಕೊಂಡು ನೀನು ಮನೆಯವರೆಗೂ ನನ್ನ ಹೆಗಲ ಮೇಲೆ ಕೈಹಾಕಿ ಸಮಾಧಾನ ಮಾಡುತ್ತಾ ಬಂದೆ.