ಅಂಬರೀಷ ತಂದ ಕೆಂಪು ಹೂವು

ರಾಯಾಪುರ, ಹುಬ್ಬಳ್ಳಿ
೧೨ ಏಪ್ರಿಲ್ ೨೦೨೫

ನನ್ನ ಸುಜಾತಾ,

ಫೋನ್ ಮಾಡಿದರೆ ನಿನ್ನ ಅಣ್ಣ ಎತ್ತುತ್ತಾನೆ, ನೀನು ಮಲಗಿದ್ದೀ ಅನ್ನುತ್ತಾನೆ. ಅದಕ್ಕೇ ಬರೆಯುತ್ತಿದ್ದೇನೆ. ಏಳನೆಯ ಇಯತ್ತೆ ಓದಿದವಳ ಅಕ್ಷರ, ಸಾವಕಾಶ ಓದಿಕೋ.

ಆ ಹೂವು ಸಿಕ್ಕಿತು. ಕೊನೆಯ ಸಂಜೆ ಅಂಬರೀಷ ಪಾರ್ಕಿನಿಂದ ನಿನಗೆ ತಂದುಕೊಟ್ಟ ಹೂವು. ನೀನು ಮುಡಿದೆ, ಅವನು ನೋಡಿ ನಕ್ಕ. ಮರುದಿನ ತಾರಿಹಾಳದ ಫ್ಯಾಕ್ಟರಿಯಲ್ಲಿ ಪಾಳಿ ಮುಗಿಸಿ ರಾತ್ರಿ ಬೈಕಿನಲ್ಲಿ ಬರುವಾಗ ನನ್ನ ಮಗ ಹೋದ. ಅವನನ್ನು ಅಂಗಳದಲ್ಲಿ ಮಲಗಿಸಿದ್ದಾಗಲೇ ನಿಮ್ಮ ಮಾವನ ಅಕ್ಕ ಎಲ್ಲರೆದುರು, "ಹೆಸರ ಗೊತ್ತಿಲ್ಲದ ಹೂವ ಮುಡದಾಳ. ಮಸಣದಾಗಿಂದ ಇರಬೇಕದು," ಅಂದರು. ನೀನು ತಲೆ ಎತ್ತಲಿಲ್ಲ. ಅಮ್ಮಿನಬಾವಿಗೆ ಹೋದ ಮೇಲೆ ತವರಿನ ಮಲ್ಲಿಗೆ ಬಳ್ಳಿಯನ್ನೂ ಕಿತ್ತು ಹಾಕಿದೆಯಂತೆ. ಗಂಡನನ್ನು ಕೊಂದವಳು ನಾನೇ ಎಂದು ನೀನು ಅನ್ನುತ್ತೀಯಂತೆ. ನಿನ್ನ ತಾಯಿ ಹೇಳಿ ಅತ್ತರು.

ವರ್ಷವಿಡೀ ಆ ಪಾರ್ಕಿಗೆ ಹೋದೆ, ಹೂವು ಕಾಣಲಿಲ್ಲ. ಈ ಬೇಸಿಗೆಯಲ್ಲಿ ಒಂದು ಬೆಂಚಿನ ಹತ್ತಿರ ಕೆಂಪು ಎಸಳು ಬಿದ್ದಿದ್ದವು. ಮೇಲೆ ನೋಡಿದೆ. ಎಲೆಯ ಮರೆಯಲ್ಲಿ, ಮುಖ ಕೆಳಗೆ ಮಾಡಿಕೊಂಡು, ಚೆಂಡಿನಂಥ ಹೂವು. ಚಿಗುರು ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು. ನಡೆದು ಹೋಗುವವರಿಗೆ ಕಾಣುವ ಹೂವೇ ಅಲ್ಲ. ಅವನು ಅದೆಷ್ಟು ಹುಡುಕಿರಬೇಕು ನಿನಗಾಗಿ. ಅಲ್ಲೇ ಕೂತು ಅತ್ತುಬಿಟ್ಟೆ.

ಆಮೇಲೆ ಕಂಡಕಂಡವರಿಗೆ ಅದರ ಹೆಸರು ಕೇಳಿದೆ. ವಾಕಿಂಗಿಗೆ ಬರುವ ಗುಲ್ನಾಜ ಟೀಚರ್ ಅಶೋಕ ಅಂದರು. ಮಾಲಿ ಗೌಸಸಾಬ ಪೈಪು ಹಿಡಿದು ನಿಂತಿದ್ದ. "ನೀರ ಹಾಕಂದ್ರು, ಹಾಕಾಕತ್ತೇನ್ರಿ ಅಕ್ಕಾರ. ನಾ ಅದರ ಹೆಸರ ಕೇಳಿಲ್ಲ, ಅದೂ ನನ್ನ ಹೆಸರ ಕೇಳಿಲ್ಲ," ಅಂದ. ಗುಲ್ನಾಜ ನಕ್ಕರು. ನನಗೂ ನಗು ಬಂತು, ಆಮೇಲೆ ಯಾಕೆ ನಕ್ಕೆನೋ ಅನ್ನಿಸಿತು.

ಕೆಳಗೆ ಬಿದ್ದ ಗೊಂಚಲನ್ನು ಒದ್ದೆ ಅರಿವೆಯಲ್ಲಿ ಸುತ್ತಿ, ನಮ್ಮ ಬುದ್ಧ ವಿಹಾರಕ್ಕೆ ಬರುವ ಪ್ರಬುದ್ಧ ಸರ್ ಹತ್ತಿರ ಒಯ್ದೆ. ಕಾಲೇಜಿನಲ್ಲಿ ಗಿಡಮರದ ಪಾಠ ಹೇಳುವವರು. ಎಸಳು ಬಿಡಿಸಿ ನೋಡಿ ಬ್ರೌನಿಯಾ ಅಂದರು. ಸಮುದ್ರದಾಚೆಯ ಮರ, ಚಂದಕ್ಕೆಂದು ತೋಟದಲ್ಲಿ ಬೆಳೆಸುತ್ತಾರಂತೆ. ನಮ್ಮ ಹುಣಸೆ, ಅಶೋಕದ ಬಳಗವಂತೆ. ಮಸಣದಲ್ಲಿ ನೆಡುತ್ತಾರೆಯೇ ಎಂದು ಕೇಳಿದೆ. ಗೊಂಚಲನ್ನು ಮತ್ತೆ ಅರಿವೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟರು. "ಎಲ್ಲ್ಯರ ನೆಟ್ಟಿರಬಹುದು, ಅವ್ವಾ. ಆದ್ರ ಅಂಬರೀಷನ್ನ ಕೊಂದದ್ದು ದೀಪ ಇಲ್ಲದ ರಸ್ತಾದಾಗ ನಿಂತಿದ್ದ ಲಾರಿ," ಅಂದರು.

ಸುಜಾತಾ, ನೀನು ಚಂದ ಕಾಣಲಿ ಎಂದು ಅವನು ಅದನ್ನು ತಂದ. ನೀನು ಚಂದ ಕಂಡೆ. ಅಷ್ಟೇ ನಡೆದದ್ದು. ಮತ್ತೆ ಮುಡಿ ಎಂದು ಒತ್ತಾಯ ಮಾಡಲಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು. ಮನಸ್ಸಾದರೆ ಬಂದು ಹೋಗು.

ನಿನ್ನ ಅತ್ತೆ,
ಶೇವಂತೆವ್ವ

ತಾ.ಕ.: ಸರ್ ಹೇಳಿದ್ದು ಖರೇ ಎಂದು ತಿಳಿದರೂ ನನ್ನ ಅಂಜಿಕೆ ಹೋಗಲಿಲ್ಲ. ನಿನಗೂ ಬರೀ ಮಾತಿನಿಂದ ಹೋಗಲಿಕ್ಕಿಲ್ಲ ಎಂದು, ಕಳೆದ ವಾರ ಆ ಹೂವನ್ನು ನಾನೇ ಮುಡಿದೆ. ನಿಮ್ಮ ಮಾವನಿಗೆ ಕಾರಣ ಹೇಳಿದ್ದೆ. ಅವರೇ ಕೊಂಬೆ ಬಗ್ಗಿಸಿ ಕಿತ್ತುಕೊಟ್ಟರು. ಮರುದಿನ ಅವರು ಸ್ಕೂಟರ್ ತೆಗೆದುಕೊಂಡು ಧಾರವಾಡಕ್ಕೆ ಹೋದರು. ಬರುವ ತನಕ ನಾನು ಬಾಗಿಲು ಬಿಟ್ಟು ಏಳಲಿಲ್ಲ. ಸಂಜೆ ಬಂದು ಚಪ್ಪಲಿ ಬಿಡುತ್ತ, "ಬಂದೇನಿ ನೋಡು. ಇದನ್ನ ಸುಜಾತಾಗ ಬರಿ," ಅಂದರು.