ಯಾರನ್ನೂ ಕೇಳದೆ ಆಡಿದ ನಾಟಕ

ಮಾರ್ಚ್ ೧೯, ಗುರುವಾರ

ಪ್ರೀತಿಯ ಗಿಣಿಗೆ,

ನಿನ್ನ ಎರಡು ಕಾಗದಗಳೂ ಮೇಜಿನ ಮೇಲೆ ನನ್ನನ್ನು ದುರುಗುಟ್ಟಿ ನೋಡುತ್ತಾ ಬಿದ್ದಿವೆ. ‘ಸತ್ತಿದ್ದೀಯೋ ಬದುಕಿದ್ದೀಯೋ, ಅಷ್ಟಾದರೂ ತಿಳಿಸು ಮೊಂಡಿ’ ಎಂದು ಎರಡನೆಯದರಲ್ಲಿ ಬೈದಿದ್ದೀಯ. ಬದುಕಿದ್ದೇನೆ ಕಣೇ. ಬರೆಯಲು ಕೂತಾಗಲೆಲ್ಲ, ಒಂದು ಒಳ್ಳೆಯ ಸುದ್ದಿ ಸಿಗಲಿ, ಆಮೇಲೆ ಬರೆದರಾಯಿತು ಎಂದು ಪೆನ್ನು ಮುಚ್ಚಿಡುತ್ತಿದ್ದೆ. ಇನ್ನು ಕಾಯುವುದರಲ್ಲಿ ಅರ್ಥವಿಲ್ಲ ಎನ್ನಿಸಿತು. ತಡವಾದದ್ದಕ್ಕೆ ಎಷ್ಟು ಬೈಯಬೇಕೋ ಬೈದುಬಿಡು.

ನಿನ್ನ ಮಂಡಿನೋವು ಹೇಗಿದೆ? ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ ಮೇಲೂ ಮಾಳಿಗೆಗೆ ಬಟ್ಟೆ ಒಣಹಾಕಲು ಹೋಗುತ್ತೀ ಎಂದು ನಿನ್ನ ಮಗಳು ಫೋನಿನಲ್ಲಿ ದೂರು ಹೇಳಿದಳು. ಇಲ್ಲಿ ಇವರು ಆರೋಗ್ಯವಾಗಿದ್ದಾರೆ. ಗಡಿಯಾರದ ಅಂಗಡಿಗೆ ಗಿರಾಕಿಗಳು ಕಡಿಮೆ. ಕೈಗಡಿಯಾರ ಕೆಟ್ಟರೆ ಈಗ ಯಾರು ರಿಪೇರಿ ಮಾಡಿಸುತ್ತಾರೆ, ಎಸೆದು ಹೊಸದು ಕೊಳ್ಳುತ್ತಾರೆ. ನಾನು ಬೆಳಿಗ್ಗೆ ಪ್ರೆಸ್ಸಿನಲ್ಲಿ ಕರಡು ತಿದ್ದುತ್ತೇನೆ, ಸಭೆಯಿದ್ದ ದಿನ ಮಧ್ಯಾಹ್ನ ಪುರಸಭೆಗೆ ಓಡುತ್ತೇನೆ. ‘ಪುಸ್ತಕದ ತಪ್ಪು ತಿದ್ದಿದ್ದು ಸಾಲದು ಅಂತ ಊರಿನ ತಪ್ಪೂ ತಿದ್ದೋಕೆ ಹೊರಟ್ರಾ’ ಎಂದು ಪ್ರೆಸ್ಸಿನ ಯಜಮಾನರು ನಗುತ್ತಾರೆ. ನನ್ನನ್ನು ಚುನಾವಣೆಗೆ ನಿಲ್ಲಿಸಿದವಳು ನೀನೇ ಎಂಬುದು ಅವರಿಗೆ ಗೊತ್ತಿಲ್ಲ.

ನಮ್ಮ ಹೆಂಗಸರ ತಂಡದ ನಾಟಕದ ವಿಷಯಕ್ಕೆ ಬರುತ್ತೇನೆ. ನೀನು ಊರು ಬಿಟ್ಟ ಮೇಲೆ ನಿನ್ನ ಪಾತ್ರವನ್ನು ನಮ್ಮ ನರ್ಸ್ ವಹಿಸಿಕೊಂಡಳು. ಅದು ನಿನಗೆ ಈಗಲೂ ಬಾಯಿಪಾಠ ಇರಬೇಕು: ಗಂಡ ತೀರಿಕೊಂಡ ಹೆಂಗಸು ಅವನ ಒರಗುಕುರ್ಚಿಯ ಎದುರು ಕೂತು, ಮೂವತ್ತು ವರ್ಷ ನುಂಗಿಕೊಂಡದ್ದನ್ನೆಲ್ಲ ಅದಕ್ಕೆ ಹೇಳುವುದು. ನೀನು ಹೇಳುವಾಗ ಜನ ಅಳುತ್ತಿದ್ದರು. ನರ್ಸ್ ಹೇಳುವಾಗ ನಗುತ್ತಾರೆ, ನಗುತ್ತಾ ನಗುತ್ತಾ ಗಕ್ಕನೆ ಸುಮ್ಮನಾಗುತ್ತಾರೆ. ಹೋದ ವರ್ಷ ಪುರಭವನದಲ್ಲಿ ಆಡಿದಾಗ ಮೊದಲ ಸಾಲಿನಲ್ಲಿದ್ದ ಪುರಸಭೆಯ ಅಧ್ಯಕ್ಷರು, ಅದೇ ಟಿಂಬರ್ ಡಿಪೋದವರು, ನಡುವೆಯೇ ಎದ್ದು ಹೋದರು. ಅವರ ಹೆಂಡತಿ ಮಾತ್ರ ಕೊನೆಯವರೆಗೂ ಕೂತಿದ್ದರು. ಬಹುಶಃ ಅದೇ ನಮ್ಮ ದೊಡ್ಡ ಅಪರಾಧ.

ತಿಂಗಳು ತುಂಬುವುದರೊಳಗೆ ಹೊಸ ನಿಯಮ ಬಂತು. ಪುರಭವನ ಬೇಕಾದವರು ನಾಟಕ ಏನೆಂದು ಮೊದಲು ಅಧ್ಯಕ್ಷರಿಗೆ ತಿಳಿಸಿ ಅನುಮತಿ ಪಡೆಯಬೇಕು. ಅದರಲ್ಲಿ ಹೆಂಗಸರಿದ್ದರೆ, ಒಬ್ಬೊಬ್ಬರ ಮನೆಯಿಂದಲೂ ಒಬ್ಬ ಗಂಡಸು ಬಂದು ‘ನಮ್ಮ ಒಪ್ಪಿಗೆ ಇದೆ’ ಎಂದು ಹೇಳಬೇಕು. ಕೇಳಲು ಹೋದರೆ ಅಧ್ಯಕ್ಷರು ಬಹಳ ಮರ್ಯಾದೆಯಿಂದಲೇ ಮಾತಾಡಿದರು. ‘ನಿಮ್ಮ ಸುರಕ್ಷತೆಗೇ ಅಮ್ಮಾ ಇದು. ನಾಳೆ ಏನಾದ್ರೂ ಹೆಚ್ಚುಕಡಿಮೆ ಆದ್ರೆ ಮನೆಯವರಿಗೆ ಗೊತ್ತಿರಬೇಕಲ್ಲ.’ ನನ್ನ ಜೊತೆ ಬಂದಿದ್ದ ನರ್ಸ್ ಸುಮ್ಮನಿರುತ್ತಾಳೆಯೇ? ‘ವಾರ್ಡಿನಲ್ಲಿ ಗಂಡಸರಿಗೆ ಸೂಜಿ ಚುಚ್ಚೋವಾಗ ನಂಗೆ ಯಾರ ಒಪ್ಪಿಗೆನೂ ಬೇಕಾಗಿಲ್ಲ. ಕುರ್ಚಿ ಜೊತೆ ಮಾತಾಡೋಕೆ ಬೇಕಾ?’ ಎಂದಳು. ಅಧ್ಯಕ್ಷರು ನಕ್ಕು, ನಮಗೆ ಟೀ ತರಿಸಿದರು. ಅವರ ಹತ್ತಿರ ಜಗಳವಾಡುವುದೂ ಕಷ್ಟ ಕಣೇ, ಹತ್ತಿಯ ಮೂಟೆಗೆ ಗುದ್ದಿದ ಹಾಗೆ.

ಹಾಗಾದರೆ ನಿಯಮಕ್ಕೆ ನಿಯಮವೇ ಮದ್ದು ಎಂದುಕೊಂಡೆ. ಹೇಗೂ ನಾನೊಬ್ಬ ಸದಸ್ಯೆ. ಪರಿಚಯದ ವಕೀಲರೊಬ್ಬರ ಜೊತೆ ಕೂತು ಊರಿಗೊಂದು ಸಾಂಸ್ಕೃತಿಕ ನೀತಿಯ ಕರಡು ಬರೆದೆ. ಇಡೀ ನೀತಿ ಒಂದೂವರೆ ಪುಟ. ಪುರಭವನ ಮೊದಲು ಕೇಳಿದವರಿಗೆ ಸಿಗಬೇಕು. ಆಡುವ ಮೊದಲು ಯಾರೂ ನಾಟಕವನ್ನು ಓದಿ ಜರಡಿ ಹಿಡಿಯುವಂತಿಲ್ಲ. ವಯಸ್ಸಿಗೆ ಬಂದ ಹೆಂಗಸು ಹಾಡಲು, ಕುಣಿಯಲು, ಬರೆಯಲು, ಅಭಿನಯಿಸಲು ಇನ್ನೊಬ್ಬರ ಒಪ್ಪಿಗೆ ತರಬೇಕಾಗಿಲ್ಲ. ತಾಲೀಮು ನಡೆಯುವ ಸಂಜೆ ಪುರಭವನದ ಹಿಂದಿನ ಗಲ್ಲಿಯಲ್ಲಿ ದೀಪ ಉರಿಯಬೇಕು. ನಿಜವಾದ ಸುರಕ್ಷತೆ ಅಂದರೆ ಆ ದೀಪ ತಾನೇ? ಬರೆದು ಮುಗಿಸಿದಾಗ, ಇಷ್ಟು ಸರಳವಾದದ್ದನ್ನು ಬೇಡ ಎನ್ನಲು ಯಾರಿಗೆ ಬಾಯಿ ಬಂದೀತು ಎಂದುಕೊಂಡಿದ್ದೆ.

ಒಬ್ಬೊಬ್ಬ ಸದಸ್ಯರ ಮನೆಗೂ ಹೋದೆ. ಔಷಧದಂಗಡಿಯವರು ಗಲ್ಲಾ ಬಿಟ್ಟು ಹೊರಗೆ ಬಂದು, ‘ಅಕ್ಕಾ, ಮನಸ್ಸಿನಲ್ಲಿ ನಾನು ನಿಮ್ಮ ಕಡೇನೇ. ಆದ್ರೆ ಎತ್ತಬೇಕಾಗಿರೋದು ಕೈಯಲ್ವಾ’ ಎಂದರು. ಕಂಟ್ರಾಕ್ಟರು, ‘ಮೊದಲು ಚರಂಡಿ ಆಗ್ಲಿ, ಆಮೇಲೆ ಕಲೆ’ ಎಂದರು. ನನ್ನನ್ನು ಬಿಟ್ಟರೆ ಇರುವ ಒಬ್ಬಳೇ ಸದಸ್ಯೆ, ಬೇಕರಿಯವರ ಸೊಸೆ, ನನ್ನ ಕೈ ಹಿಡಿದುಕೊಂಡು, ‘ನಾನಿದ್ದೀನಿ ಅಕ್ಕಾ’ ಎಂದಳು.

ಸಭೆ ಮುಂದಕ್ಕೆ ಹೋಯಿತು. ಮತ್ತೆ ಮುಂದಕ್ಕೆ ಹೋಯಿತು. ಅಲ್ಲಿಯವರೆಗೆ ನಮ್ಮ ತಾಲೀಮು ತಂಡದ ಟೈಲರಮ್ಮನ ಅಂಗಡಿಯ ಮಹಡಿಯಲ್ಲಿ, ಹೊಲಿಗೆ ಯಂತ್ರಗಳ ಸಂದಿಯಲ್ಲಿ ನಡೆಯುತ್ತಿತ್ತು. ಒಂದು ಸಂಜೆ ಅವಳು, ‘ಇನ್ನೆಷ್ಟು ದಿನ ಬರೀ ಅಳತೆ ತಗೊಳ್ತಾ ಕೂರೋದು? ಕತ್ತರಿ ಹಾಕೇಬಿಡೋಣ’ ಎಂದಳು. ಎಲ್ಲರೂ ಹೂಂ ಅಂದರು. ಪುರಭವನಕ್ಕೆ ದಿನ ಗೊತ್ತುಮಾಡಿ, ಊರಿಗೆಲ್ಲ ಹೇಳಿಬಿಟ್ಟೆವು. ನಾಟಕ ಏನೆಂದು ಅಧ್ಯಕ್ಷರಿಗೆ ತಿಳಿಸಲಿಲ್ಲ. ಮನೆಯ ಗಂಡಸರನ್ನು ಕಳಿಸಲಿಲ್ಲ. ಬೀಗ ಹಾಕಿದ್ದರೆ ಹೊರಗಿನ ಮೆಟ್ಟಿಲ ಮೇಲೇ ಆಡುವುದು ಎಂದು ಮಾತಾಯಿತು. ಆ ದಿನ ಕುರ್ಚಿಯನ್ನು ಕೈಗಾಡಿಯ ಮೇಲೆ ತಳ್ಳಿಕೊಂಡು ಹೋಗುವಾಗ ಬೀಗ ಕಾಣುತ್ತದೆಯೋ ಎಂದು ದೂರದಿಂದಲೇ ಇಣುಕಿದೆ.

ಬೀಗ ಇರಲಿಲ್ಲ ಗಿಣಿ. ಬಾಗಿಲು ಹಾರುಹೊಡೆದಿತ್ತು. ಕಾವಲುಗಾರ ಕುರ್ಚಿಗಳ ಧೂಳು ಒರೆಸುತ್ತಿದ್ದ. ದೀಪ, ಮೈಕು ಎಲ್ಲ ತಯಾರಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ‘ಹೆದರಿಬಿಟ್ರು ಕಣ್ರೇ’ ಎಂದು ನಮ್ಮ ತಂಡದ ಬಸ್ ಕಂಡಕ್ಟರ್ ಪಿಸುಗುಟ್ಟಿದಳು. ಸಭಾಂಗಣ ತುಂಬಿ, ಜನ ಗೋಡೆಗೆ ಒರಗಿ ನಿಂತಿದ್ದರು. ನರ್ಸ್ ಅವತ್ತು ಆಡಿದ ಹಾಗೆ ಇನ್ನೆಂದೂ ಆಡಲಾರಳು. ಪರದೆಯ ಹಿಂದೆ ನಿಂತು, ಈ ಬಾಳಿನಲ್ಲಿ ಒಂದು ಕೆಲಸ ಪೂರ್ತಿ ನನ್ನ ಇಷ್ಟದಂತೆ ಮಾಡಿದೆ ಎಂದು ಅತ್ತುಬಿಟ್ಟೆ. ನಿನಗೆ ಆ ರಾತ್ರಿಯೇ ಬರೆಯಬೇಕಿತ್ತು. ನೀತಿಯೂ ಪಾಸಾಗಲಿ, ಎರಡನ್ನೂ ಒಟ್ಟಿಗೇ ಬರೆಯೋಣ ಎಂಬ ಆಸೆ.

ಮೊನ್ನೆ ಮಂಗಳವಾರ ಸಭೆ ಸೇರಿತು. ನಾನು ಒಂದೂವರೆ ಪುಟವನ್ನು ನಿಂತು ಓದಿದೆ. ಯಾರೂ ಅಡ್ಡ ಮಾತಾಡಲಿಲ್ಲ, ಅದಕ್ಕೇ ಭಯವಾಯಿತು. ಅಧ್ಯಕ್ಷರು ಕನ್ನಡಕ ಒರೆಸುತ್ತಾ, ‘ಈಗಿರೋ ನಿಯಮದಿಂದ ಯಾರ ಬಾಯಿ ಕಟ್ಟಿದೆ? ಮೊನ್ನೆ ಇವರದೇ ನಾಟಕ ಆಯ್ತಲ್ಲ. ನಿಯಮದ ಪ್ರಕಾರವೇ ಆಯ್ತು’ ಎಂದರು. ನಾನು ಎದ್ದು, ‘ಯಾವ ನಿಯಮ? ನಾವು ಯಾರನ್ನೂ ಕೇಳಿಲ್ಲ’ ಎಂದೆ. ಅವರು ಕನ್ನಡಕ ಏರಿಸಿಕೊಂಡು, ಓಟಿಗೆ ಹಾಕೋಣ ಎಂದರು. ಉಳಿದವರು ಮೇಜು ನೋಡುತ್ತಾ ಕೂತರು. ಬೇಕು ಎನ್ನುವವರು ಕೈ ಎತ್ತಿ ಎಂದಾಗ ಎತ್ತಿದ್ದು ನನ್ನದೊಂದೇ ಕೈ. ಬೇಕರಿಯವರ ಸೊಸೆ ಎರಡೂ ಕೈಯನ್ನು ಮಡಿಲಲ್ಲಿಟ್ಟುಕೊಂಡಿದ್ದಳು. ಆಮೇಲೆ ಹೊರಗೆ ನಲ್ಲಿಯ ಹತ್ತಿರ ಬಂದು, ‘ಮನೇಲಿ ಕೇಳ್ದೆ ಅಕ್ಕಾ. ಬೇಡ ಅಂದ್ರು’ ಎಂದಳು. ಅವಳ ಮೇಲೆ ಸಿಟ್ಟು ಕೂಡ ಬರಲಿಲ್ಲ.

ನಿಯಮ ಈಗ ಇನ್ನೂ ಗಟ್ಟಿಯಾಗಿದೆ. ಸಭೆಯಲ್ಲಿ ಸೋತ ನೀತಿಯನ್ನು ಈ ಪುರಸಭೆಯ ಅವಧಿ ಮುಗಿಯುವವರೆಗೆ ಮತ್ತೆ ತರುವಂತಿಲ್ಲ. ಆ ಹೊತ್ತಿಗೆ ನಾನು ಸದಸ್ಯೆಯಾಗಿರುವುದಿಲ್ಲ, ಮತ್ತೆ ನಿಲ್ಲುವ ಚೈತನ್ಯವೂ ಇಲ್ಲ. ನಿನ್ನೆ ಸಂಜೆ ಟೈಲರಮ್ಮನ ಮಹಡಿಯಲ್ಲಿ ಎಲ್ಲರೂ ಸೇರಿದ್ದೆವು. ನನ್ನ ಮುಖ ನೋಡಿ ಅವಳೇ ಸಮಾಧಾನ ಹೇಳಿದಳು: ‘ಓಟು ಹೋದ್ರೆ ಹೋಗ್ಲಿ ಬಿಡಿ ಅಕ್ಕಾ. ಆವತ್ತು ನಾವು ಯಾರನ್ನೂ ಕೇಳ್ಲಿಲ್ಲ. ಅದನ್ನ ಯಾರು ಕಿತ್ಕೊಳ್ತಾರೆ?’ ಎಲ್ಲರೂ ಹೌದು ಹೌದು ಎಂದರು. ನರ್ಸ್ ಆಗಲೇ ಮುಂದಿನ ನಾಟಕ ಯಾವಾಗ ಬರೆಯುತ್ತೀರಿ ಎಂದು ಕೇಳುತ್ತಿದ್ದಾಳೆ. ನಾನು ತಲೆನೋವು ಎಂದು ಹೇಳಿ ಬೇಗ ಎದ್ದು ಬಂದೆ.

ನಿನ್ನ ಮಗಳಿಗೆ ಇದು ಏಳನೇ ತಿಂಗಳಲ್ಲವೇ? ಅವಳ ಹೆರಿಗೆ ಹೂವೆತ್ತಿದಷ್ಟು ಹಗುರಾಗಲಿ. ಹುಟ್ಟುವ ಕೂಸು ಹೆಣ್ಣೋ ಗಂಡೋ, ನಿನ್ನಂಥ ಗಂಟಲು ಪಡೆದುಕೊಂಡು ಬರಲಿ, ನೂರು ವರ್ಷ ಬಾಳಲಿ. ಅಳಿಯನಿಗೆ ನನ್ನ ಹಾರೈಕೆ ತಿಳಿಸು. ನೀನು ಮಾಳಿಗೆ ಹತ್ತಬೇಡ.

ಎಂದಿಗೂ ನಿನ್ನವಳೇ ಆದ,
ಮೊಂಡಿ

ತಾ.ಕ.: ಕಾಗದವನ್ನು ಮಡಿಸಿ ಲಕೋಟೆಗೆ ಹಾಕಿದ್ದೆ. ಅಂಟಿಸಲು ಕೈ ಬರಲಿಲ್ಲ. ನಿನಗೂ ಹೇಳದಿದ್ದರೆ ಇನ್ಯಾರಿಗೆ ಹೇಳಲಿ?

ಮಂಗಳವಾರ ಸಭೆಯಿಂದ ನೇರವಾಗಿ ಇವರ ಅಂಗಡಿಗೆ ಹೋದೆ. ಇವರು ಯಾರದೋ ಗೋಡೆ ಗಡಿಯಾರ ಬಿಚ್ಚಿಕೊಂಡು ಕೂತಿದ್ದರು. ‘ನೋಡಿ, ಅಧ್ಯಕ್ಷರು ತುಂಬಿದ ಸಭೆಯಲ್ಲಿ ಎಂಥ ಸುಳ್ಳು ಹೇಳಿದ್ರು’ ಎಂದೆ. ಇವರು ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿ ತೆಗೆಯಲಿಲ್ಲ, ತಲೆಯೂ ಎತ್ತಲಿಲ್ಲ. ‘ಅವರು ಸುಳ್ಳು ಹೇಳ್ಲಿಲ್ಲ’ ಎಂದರು.

ನಾಟಕಕ್ಕೆ ಎರಡು ದಿನ ಮೊದಲು ಇವರೆಲ್ಲ ಸೇರಿ ಅಧ್ಯಕ್ಷರ ಮನೆಗೆ ಹೋಗಿದ್ದರಂತೆ. ಇವರು, ಟೈಲರಮ್ಮನ ಗಂಡ, ಕಂಡಕ್ಟರಮ್ಮನ ಅಣ್ಣ, ಎಲ್ಲರ ಮನೆಯವರೂ. ಗಂಡ ತೀರಿಕೊಂಡಿರುವ ನರ್ಸ್ ಪರವಾಗಿ ಅವಳ ಮೈದುನ. ಆಸ್ತಿಯ ಜಗಳವಾದ ಮೇಲೆ ಅವಳು ಅವನ ಮುಖ ನೋಡಿಲ್ಲ, ಅವನು ಹೋಗಿ ಅವಳಿಗೆ ಒಪ್ಪಿಗೆ ಕೊಟ್ಟು ಬಂದಿದ್ದಾನೆ. ಅಧ್ಯಕ್ಷರು ಎಲ್ಲರಿಗೂ ಟೀ ಕೊಟ್ಟು, ನಾಟಕದಲ್ಲಿ ಏನಿದೆ ಎಂದು ಕೇಳಿದರಂತೆ. ಉತ್ತರ ಹೇಳಿದ್ದು ಇವರೇ. ‘ಏನಿಲ್ಲ, ಹೆಂಗಸರ ತಮಾಷೆ’ ಎಂದರಂತೆ.

‘ನಂಗ್ಯಾಕೆ ಹೇಳ್ಲಿಲ್ಲ?’ ಎಂದೆ. ‘ಹೇಳಿದ್ರೆ ನೀನು ಆಡ್ತಿದ್ಯಾ? ಬೀಗ ಹಾಕಿದ ಬಾಗಿಲ ಮುಂದೆ, ಊರಿನವರ ಎದುರು ನೀನು ಕುರ್ಚಿ ಹಿಡ್ಕೊಂಡು ನಿಲ್ಲೋದನ್ನ ನನ್ ಕೈಲಿ ನೋಡೋಕಾಗ್ತಿರ್ಲಿಲ್ಲ’ ಎಂದರು. ಆಗ ಭೂತಗನ್ನಡಿ ತೆಗೆದರು. ಕಣ್ಣು ತುಂಬಿತ್ತು. ಒಳ್ಳೆಯ ಮನುಷ್ಯ ಗಿಣಿ, ನಿನಗೇ ಗೊತ್ತು. ಕೆಟ್ಟವರಾಗಿದ್ದರೆ ನಾನು ಏನಾದರೂ ಮಾಡಬಹುದಿತ್ತು.

ಸಭಾಂಗಣದಲ್ಲಿ ಅವತ್ತು ಯಾರಿಗೆ ಗೊತ್ತಿತ್ತು, ಯಾರಿಗಿರಲಿಲ್ಲ ಎಂದು ಒಂದೊಂದೇ ಮುಖ ನೆನೆಸಿಕೊಳ್ಳುತ್ತೇನೆ. ನಮಗೆ ಮಾತ್ರ ಗೊತ್ತಿರಲಿಲ್ಲ. ನಮ್ಮ ತಂಡದ ಉಳಿದವರಿಗೆ ಈಗಲೂ ಗೊತ್ತಿಲ್ಲ. ನಿನ್ನೆ ಟೈಲರಮ್ಮ ಆ ಮಾತು ಹೇಳಿ ನನ್ನ ಬೆನ್ನು ಸವರುವಾಗ, ಹೇಳಿಬಿಡಲೇ ಎಂದು ಬಾಯಿ ತೆರೆದೆ, ಹೇಳಲಾಗಲಿಲ್ಲ. ಹೇಳಿದರೆ ಅವರ ಹತ್ತಿರ ಏನೂ ಉಳಿಯುವುದಿಲ್ಲ. ಹೇಳದಿದ್ದರೆ ನಾನೂ ಆ ಗಂಡಸರ ಸಾಲಿನಲ್ಲಿ ಕೂತು ಟೀ ಕುಡಿದ ಹಾಗಾಗುತ್ತದೆ. ಏನು ಮಾಡಬೇಕೆಂದು ನೀನು ಹೇಳು.

ನಿನ್ನ ಕಾಗದ ಬಂದರೆ ಇವರೇ ಮೊದಲು ಒಡೆದು, ನಿನ್ನ ದನಿಯಲ್ಲಿ ಜೋರಾಗಿ ಓದಿ ನನ್ನನ್ನು ನಗಿಸುತ್ತಾರೆ. ಅದರಲ್ಲಿ ನನಗೆ ಯಾವತ್ತೂ ತಪ್ಪು ಕಂಡಿರಲಿಲ್ಲ. ಇದಕ್ಕೆ ಉತ್ತರವನ್ನು ಮನೆಗೆ ಬರೆಯಬೇಡ. ಪ್ರೆಸ್ಸಿನ ವಿಳಾಸಕ್ಕೆ ಬರೆ.