ಮೇಯರನ್ನು ಹರಾಜಿಗೆ ನಿಲ್ಲಿಸಿದ್ದು

ಅಕ್ಟೋಬರ್ 14, ಮಂಗಳವಾರ

ಸದ್ಯ, ಕೆಲಸ ಉಳಿಯಿತು!

ನಮ್ಮ ಸಾರ್ವಜನಿಕ ರೇಡಿಯೋದಲ್ಲಿ ಉಳಿದವರೆಲ್ಲ ಪತ್ರಿಕೋದ್ಯಮ ಓದಿ ಬಂದವರು. ನಾನು ಮೊಂಟಾನಾದ ದನದ ಹರಾಜಿನಲ್ಲಿ ಬೆಲೆ ಕೂಗಿ ಕೂಗಿ ಬಂದವನು. ಇವತ್ತು ನನ್ನ ಮೊದಲ ನೇರ ಸಂದರ್ಶನ. ಊರಿನ ಮುಚ್ಚಿರುವ ಸೇತುವೆ ಯಾವಾಗ ತೆರೆಯುತ್ತೀರಿ ಎಂದು ಕೇಳಿದರೆ ಮೇಯರ್ ಓರಿನ್ ಹಿಮದ ಕಥೆ, ಸಿಮೆಂಟಿನ ಕಥೆ ಹೇಳುತ್ತಲೇ ಇದ್ದ. ನನ್ನ ಬಾಯಿ ತಡೆಯಲಿಲ್ಲ.

"ಮೇ ತಿಂಗಳು ಒಂದು ಸಲ, ಮೇ ತಿಂಗಳು ಎರಡು ಸಲ..."

ಆತ ಗಾಬರಿಯಾಗಿ "ಜೂನ್!" ಎಂದ.

"ಜೂನ್ ಮೂರು ಸಲ!" ಎಂದು ಮೇಜು ಗುದ್ದಿದೆ.

ಸ್ಟುಡಿಯೋ ಹೊರಗೆ ನಿರ್ದೇಶಕಿ ಲೋರ್ನಾ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು. ಮನೆಗೆ ಕಳಿಸುತ್ತಾಳೆ ಅಂದುಕೊಂಡೆ.

"ಏನಪ್ಪಾ ಡೆಲ್, ಅವನೇನು ಹೋರಿಯಾ?"

"ತಪ್ಪಾಯ್ತು ಕಣಮ್ಮಾ, ಹಳೇ ಚಾಳಿ."

"ನಾನು ಎಷ್ಟು ಸಲ ಕೇಳಿದ್ರೂ ಅವನು ತಿಂಗಳು ಹೇಳಿರ್ಲಿಲ್ಲ. ನಾಳೆ ಶಾಲಾ ಮಂಡಳಿಯವರು ಬರ್ತಾರೆ, ಅವರನ್ನೂ ನೀನೇ ಕೇಳು. ನೀನು ಗುದ್ದೋಕೆ ಮೇಜಿಗೆ ದಪ್ಪ ಕಂಬಳಿ ಹಾಸಿಡ್ತೀನಿ, ನಡಿ."

ಅಬ್ಬಾ. ಈಗ ನೆನೆದರೂ ನಗು ಬರ್ತದೆ, ಕಣ್ಣು ಮಾತ್ರ ನಿದ್ದೆಗೆ ಮುಚ್ಚಿಕೊಳ್ತಿದೆ.